ಟೋಪಿ ಕೊಳ್ಳುವುದೋ, ಹಾಕಿಸಿಕೊಳ್ಳುವುದೋ?

ಆನ್‌ಲೈನ್ ಗೇಮ್‌ಗಳ ಸ್ಕಿನ್ (ಪಾತ್ರಕ್ಕೋ ಆಯುಧಕ್ಕೋ ತೊಡಿಸುವ ವೇಷ), ಎಮೋಟ್‌ಗಳ (ಪಾತ್ರ ಮಾಡಿ ತೋರಿಸುವ ಕುಣಿತ, ಸನ್ನೆ) ಬೆಲೆ ನ್ಯಾಯವೇ ಎಂದು ಅಳೆಯುವ ಬಗೆ

ಟೀಮ್ ಫೋರ್ಟ್ರೆಸ್ 2 ಗೇಮ್‌ನೊಳಗೆ 2010ರ ಸೆಪ್ಟೆಂಬರ್ ಕೊನೆಯಲ್ಲಿ ಒಂದು ಅಂಗಡಿ ತೆರೆಯಿತು. ಅಲ್ಲಿ ಎಲ್ಲರ ಬಾಯಿಗೆ ಬಿದ್ದದ್ದು ಟೋಪಿಗಳು. ಬಂದೂಕು ಹಿಡಿದು ಓಡಾಡುವ ಆಟದಲ್ಲಿ ಟೋಪಿಗೆ ನಿಜವಾದ ದುಡ್ಡು ಕೊಡಬೇಕೇ ಎಂದು ನಕ್ಕವರಿದ್ದರು, ಬೈದವರಿದ್ದರು. ಕೊಂಡವರೂ ಕಮ್ಮಿ ಇರಲಿಲ್ಲ. ಮರುವರ್ಷ ಜೂನ್‌ನಲ್ಲಿ ಗೇಮ್ ಪೂರ್ತಿ ಉಚಿತವಾಯಿತು. ಆಡಲು ಕಾಸು ಬೇಡ, ಮೆರೆಯಲು ಬೇಕು ಎನ್ನುವ ಲೆಕ್ಕ ಇವತ್ತಿಗೂ ನೂರಾರು ಗೇಮ್‌ಗಳನ್ನು ನಡೆಸುತ್ತಿದೆ.

ಜಗಳ ಸಾಮಾನ್ಯವಾಗಿ ಶುರುವಾಗುವುದು ‘ಒಂದು ಅಂಗಿಗೆ ಇಷ್ಟು ದುಡ್ಡೇ?’ ಎಂಬ ಪ್ರಶ್ನೆಯಿಂದ. ನನ್ನ ಮಟ್ಟಿಗೆ ಆ ಪ್ರಶ್ನೆಯಿಂದ ಏನೂ ಬಗೆಹರಿಯುವುದಿಲ್ಲ. ಇಪ್ಪತ್ತು ಡಾಲರ್ ಎಂದು ದಪ್ಪಕ್ಷರದಲ್ಲಿ ಬರೆದಿಟ್ಟ ಸ್ಕಿನ್ ದುಬಾರಿ ಇರಬಹುದು, ಬೇಡ ಎಂದರೆ ಮುಗಿಯಿತು. ಐದೇ ಡಾಲರ್ ಆಗಿದ್ದರೂ ಆ ಐದು ಎಲ್ಲೂ ಕಾಣದಂತೆ ಮಡಚಿಟ್ಟಿದ್ದರೆ ಅಲ್ಲಿ ಅನ್ಯಾಯವಿದೆ. ಹಾಗಾಗಿ ಮುಂದಿನ ಹೆಜ್ಜೆಗಳಲ್ಲಿ ಹುಡುಕುವುದು ಬೆಲೆ ಎಷ್ಟು ಎನ್ನುವುದಕ್ಕಿಂತ, ಅದು ಎಲ್ಲಿ ಅಡಗಿದೆ ಎನ್ನುವುದನ್ನು.

ಹೆಜ್ಜೆ 1: ಇದು ಬರೀ ಅಲಂಕಾರವೇ, ನೋಡಿ

ಸ್ಕಿನ್ ತೊಟ್ಟವರಿಗೆ ಆಟದಲ್ಲಿ ಮೇಲುಗೈ ಸಿಗಬಾರದು. ಈ ವ್ಯಾಪಾರ ನಿಂತಿರುವುದೇ ಆ ಮಾತಿನ ಮೇಲೆ. ಕಾಲ್ ಆಫ್ ಡ್ಯೂಟಿ: ವಾರ್‌ಜೋನ್‌ನಲ್ಲಿ ರೋಜ್ ಎಂಬ ಪಾತ್ರಕ್ಕೆ ‘ರೂಕ್’ ಎಂಬ ಸ್ಕಿನ್ ಬಂತು, ಮುಡಿಯಿಂದ ಅಡಿಯವರೆಗೆ ಕಪ್ಪು. ಕತ್ತಲ ಮೂಲೆಯಲ್ಲಿ ನಿಂತರೆ ಎದುರಾಳಿಯ ಕಣ್ಣಿಗೆ ಬೀಳುವುದೇ ಕಷ್ಟ. ದೂರುಗಳು ಹೆಚ್ಚಿದ ಮೇಲೆ 2021ರಲ್ಲಿ ಅದನ್ನು ಕಣ್ಣಿಗೆ ಕಾಣುವಂತೆ ತಿದ್ದಿದರು. ಕೊಳ್ಳದವರು ಸೋಲುವಂತೆ ಮಾಡುವ ಸ್ಕಿನ್ ಪುಕ್ಕಟೆಗೆ ಹತ್ತಿರವಿದ್ದರೂ ನ್ಯಾಯದ್ದಲ್ಲ.

ಅದರ ಜೊತೆಗೇ ಇನ್ನೊಂದನ್ನು ಕೇಳಿಕೊಳ್ಳಿ: ಅದನ್ನು ನೋಡುವವರು ಯಾರು? ನಾನೊಮ್ಮೆ ಗಾಳಿಗೆ ಹಾರಾಡುವ ಕೆಂಪು ನಿಲುವಂಗಿ ಕೊಂಡೆ. ಗೇಮ್ ಫಸ್ಟ್ ಪರ್ಸನ್ ಶೂಟರ್, ಅಂದರೆ ಪಾತ್ರದ ಕಣ್ಣಿನಿಂದಲೇ ನೋಡುತ್ತಾ ಗುಂಡು ಹಾರಿಸುವ ಆಟ. ಮೂರು ವಾರ ಆಡಿದರೂ ನನಗೆ ಕಂಡದ್ದು ನನ್ನವೇ ಎರಡು ಕೈ, ಒಂದು ಬಂದೂಕಿನ ನಳಿಗೆ. ನಿಲುವಂಗಿಯ ಸೊಬಗು ಸವಿದವರು ಹಿಂದಿನಿಂದ ಬಂದು ನನ್ನನ್ನು ಹೊಡೆದವರು.

ಹೆಜ್ಜೆ 2: ಕಾಯಿನ್ ಬಿಡಿಸಿ ಹಣ ಮಾಡಿ

ಹೆಚ್ಚಿನವರು ಹಳ್ಳಕ್ಕೆ ಬೀಳುವುದು ಇಲ್ಲೇ. ಗೇಮ್‌ಗಳು ಸ್ಕಿನ್‌ಗೆ ನೇರ ಬೆಲೆ ಹಾಕುವುದು ಅಪರೂಪ. ನಡುವೆ ಒಂದು ನಕಲಿ ನಾಣ್ಯ ತೂರಿಸುತ್ತವೆ: ಕಾಯಿನ್, ಜೆಮ್, ಪಾಯಿಂಟ್. ಹಣ ಕೊಟ್ಟು ಕಾಯಿನ್ ಕೊಳ್ಳುವಾಗ ವಸ್ತು ಕಣ್ಣೆದುರು ಇರುವುದಿಲ್ಲ, ಕಾಯಿನ್ ಕೊಟ್ಟು ವಸ್ತು ಕೊಳ್ಳುವಾಗ ಹಣ ನೆನಪಿಗೆ ಬರುವುದಿಲ್ಲ.

ಒಂದು ನಿಜವಾದ ಲೆಕ್ಕ ನೋಡೋಣ. ಫೋರ್ಟ್‌ನೈಟ್‌ನಲ್ಲಿ 2023ರ ಅಕ್ಟೋಬರ್‌ನ ಏರಿಕೆಯ ನಂತರ ಅಮೆರಿಕದಲ್ಲಿ 1000 ವಿ-ಬಕ್ಸ್‌ಗೆ (ಆ ಗೇಮ್‌ನ ಕಾಯಿನ್) 8.99 ಡಾಲರ್, 2800ಕ್ಕೆ 22.99 ಡಾಲರ್ ಇತ್ತು. ಸ್ಕಿನ್‌ಗಳು ಮಾರಾಟವಾಗುತ್ತಿದ್ದದ್ದು 800, 1200, 1500, 2000 ಹೀಗೆ. ನಿಮಗೆ ಹಿಡಿಸಿದ್ದು 1200ರದ್ದು, ಖಾತೆಯಲ್ಲಿರುವುದು ಸೊನ್ನೆ ಎಂದಿಟ್ಟುಕೊಳ್ಳಿ.

ಮೊದಲು ಒಂದು ಕಾಯಿನ್‌ನ ಬೆಲೆ ತೆಗೆಯಿರಿ. 8.99ನ್ನು 1000ದಿಂದ ಭಾಗಿಸಿದರೆ ಒಂದು ವಿ-ಬಕ್ ಹತ್ತಿರ ಹತ್ತಿರ 0.9 ಸೆಂಟ್. ಆ ಪ್ರಕಾರ ಸ್ಕಿನ್‌ನ ಬೆಲೆ 10.79 ಡಾಲರ್. ಆದರೆ 1200 ವಿ-ಬಕ್ಸ್‌ನ ಕಟ್ಟು ಇರಲಿಲ್ಲ. ಸಾವಿರದ್ದು ಎರಡು ಕಟ್ಟು ಕೊಂಡರೆ 17.98 ಡಾಲರ್ ಹೋಯಿತು, 800 ವಿ-ಬಕ್ಸ್ ಉಳಿಯಿತು. ಈ 10.79 ಮತ್ತು 17.98 ಎರಡನ್ನೂ ಪಕ್ಕಪಕ್ಕ ಬರೆದುಕೊಳ್ಳಿ. ನಿಮಗೆ ಬೇಕಾದ ವಸ್ತುವಿನ ಬೆಲೆ ಮೊದಲನೆಯದು, ಇವತ್ತು ನಿಮ್ಮ ಕಿಸೆಯಿಂದ ಹೋಗುವುದು ಎರಡನೆಯದು. ಅವುಗಳ ನಡುವಿನ ಅಂತರ ದೊಡ್ಡದಾದಷ್ಟೂ ನಾನು ಆ ಅಂಗಡಿಗೆ ಅಂಕ ಕಡಿಮೆ ಕೊಡುತ್ತೇನೆ.

ಉಳಿದ 800ಕ್ಕೆ ಸರಿಯಾಗಿ ಇನ್ನೊಂದು ಅಗ್ಗದ ಸ್ಕಿನ್ ಸಿಗುತ್ತದಲ್ಲ ಎನ್ನಬಹುದು. ಸಿಗುತ್ತದೆ, ನಿಜ. ಅದು ಬೇಕೆಂದು ತೀರ್ಮಾನ ಮಾಡಿದವರು ನೀವಲ್ಲ ಅಷ್ಟೇ. ಬೇರೊಂದು ಗೇಮ್‌ನಲ್ಲಿ ನನ್ನ ಖಾತೆಯಲ್ಲಿ 140 ಕಾಯಿನ್ ಕೊಳೆಯುತ್ತಾ ಬಿದ್ದಿದೆ, ಅಲ್ಲಿ 200ಕ್ಕಿಂತ ಕಡಿಮೆಗೆ ಒಂದು ಸ್ಟಿಕರ್ ಕೂಡ ಸಿಗುವುದಿಲ್ಲ.

ಯುರೋಪಿಯನ್ ಒಕ್ಕೂಟದ ಗ್ರಾಹಕ ರಕ್ಷಣಾ ಸಂಸ್ಥೆಗಳು 2025ರ ಮಾರ್ಚ್‌ನಲ್ಲಿ ಹೊರಡಿಸಿದ ಸೂತ್ರಗಳು ಈ ಹುಣ್ಣಿನ ಮೇಲೇ ಬೆರಳಿಟ್ಟವು: ವಸ್ತುವಿನ ಬೆಲೆಯನ್ನು ನಿಜವಾದ ಹಣದಲ್ಲೂ ತೋರಿಸಿ, ಬೇಡದಷ್ಟು ಕಾಯಿನ್ ಕೊಳ್ಳುವಂತೆ ಮಾಡಬೇಡಿ.

ಹೆಜ್ಜೆ 3: ಪೆಟ್ಟಿಗೆಯಾದರೆ, ಸಿಗುವ ಸಾಧ್ಯತೆಯಿಂದ ಭಾಗಿಸಿ

ಲೂಟ್ ಬಾಕ್ಸ್ ಎಂದರೆ ಒಳಗೇನಿದೆ ಎಂದು ಗೊತ್ತಿಲ್ಲದೆ ಕೊಳ್ಳುವ ಪೆಟ್ಟಿಗೆ. ಪೆಟ್ಟಿಗೆಯ ಬೆಲೆಯನ್ನು ವಸ್ತುವಿನ ಬೆಲೆ ಎಂದುಕೊಳ್ಳಬೇಡಿ. ಸಿಗುವ ಸಾಧ್ಯತೆ ಎಷ್ಟೆಂದು ಹುಡುಕಿ. ಚೀನಾ 2017ರ ಮೇ ತಿಂಗಳಿಂದ ಇದನ್ನು ಪ್ರಕಟಿಸುವುದು ಕಡ್ಡಾಯ ಮಾಡಿತು, ಅದೇ ವರ್ಷದ ಕೊನೆಗೆ ಆಪಲ್ ತನ್ನ ಆಪ್ ಸ್ಟೋರ್‌ನಲ್ಲೂ ನಿಯಮ ತಂದಿತು.

ಚೀನಾದ ನಿಯಮದಿಂದಾಗಿಯೇ ಕೌಂಟರ್-ಸ್ಟ್ರೈಕ್‌ನ ಪೆಟ್ಟಿಗೆಗಳ ಗುಟ್ಟು ಹೊರಬಿತ್ತು. ಎಲ್ಲರೂ ಆಸೆಪಡುವ ಚಾಕು ಸಿಗುವ ಸಾಧ್ಯತೆ ಶೇ 0.26. ಅಂದರೆ ಸರಾಸರಿ 385 ಪೆಟ್ಟಿಗೆಗೆ ಒಂದು. ಪೆಟ್ಟಿಗೆ ತೆರೆಯುವ ಕೀಲಿಗೆ 2.49 ಡಾಲರ್ ಎಂದರೆ ಒಂದು ಚಾಕುವಿನ ಹಿಂದೆ ಸುಮಾರು 958 ಡಾಲರ್. ಇಷ್ಟಕ್ಕೇ ಮುಗಿಯಲಿಲ್ಲ. 385 ಪೆಟ್ಟಿಗೆ ತೆರೆದರೆ ಖಂಡಿತ ಸಿಗುತ್ತದೆ ಎಂದಲ್ಲ. ಅಷ್ಟು ತೆರೆದ ನೂರು ಜನರಲ್ಲಿ ಸುಮಾರು 37 ಜನ ಚಾಕುವಿನ ಮುಖ ನೋಡದೆ ವಾಪಸಾಗುತ್ತಾರೆ. ನೂರರಲ್ಲಿ ತೊಂಬತ್ತು ಜನಕ್ಕೆ ಒಂದಾದರೂ ಸಿಗಬೇಕೆಂದರೆ ತಲಾ 885ರಷ್ಟು ತೆರೆಯಬೇಕು. ಹಿಂದಿನ ಪೆಟ್ಟಿಗೆ ಖಾಲಿ ಹೋಯಿತೆಂದು ಮುಂದಿನದಕ್ಕೆ ಕನಿಕರ ಹುಟ್ಟುವುದಿಲ್ಲ.

ಕೆಲವು ಗೇಮ್‌ಗಳು ಇಷ್ಟು ಪೆಟ್ಟಿಗೆಯ ನಂತರ ಖಚಿತ ಎಂಬ ಮಿತಿ ಇಡುತ್ತವೆ. ಆಗ ಭಾಗಾಕಾರ ಬೇಡ, ಆ ಮಿತಿಯನ್ನು ಪೆಟ್ಟಿಗೆ ಬೆಲೆಯಿಂದ ಗುಣಿಸಿ, ಅದೇ ಗರಿಷ್ಠ ಬೆಲೆ. ಏಪೆಕ್ಸ್ ಲೆಜೆಂಡ್ಸ್‌ನ 2019ರ ಐರನ್ ಕ್ರೌನ್ ಹಬ್ಬದಲ್ಲಿ 24 ವಸ್ತುಗಳು ಸುಮಾರು 7 ಡಾಲರ್‌ನ ಪೊಟ್ಟಣಗಳಲ್ಲಿದ್ದವು. ಅವೆಲ್ಲ ಕೈಸೇರಿದ ಮೇಲೆ, ಆಸೆ ಹುಟ್ಟಿಸಿದ ಕೊಡಲಿಗೆ ಬೇರೆಯಾಗಿ 3500 ಕಾಯಿನ್, ಸುಮಾರು 35 ಡಾಲರ್. ಆಟಗಾರರು ಸಿಡಿದೆದ್ದರು, ಕಂಪನಿ ಕ್ಷಮೆ ಕೇಳಿ ಬಿಡಿಯಾಗಿಯೂ ಮಾರಿತು.

ಪ್ರಕಟವಾದ ಸಾಧ್ಯತೆಯನ್ನು ನಂಬಬಹುದೇ? ದಕ್ಷಿಣ ಕೊರಿಯಾದಲ್ಲಿ 2024ರ ಜನವರಿಯಲ್ಲಿ ನೆಕ್ಸಾನ್ ಕಂಪನಿಗೆ 1160 ಕೋಟಿ ವನ್ ದಂಡ ಬಿತ್ತು. ಮೇಪಲ್‌ಸ್ಟೋರಿ ಗೇಮ್‌ನಲ್ಲಿ ಪಾತ್ರದ ಸಲಕರಣೆಗಳ ಶಕ್ತಿಯನ್ನು ಅದೃಷ್ಟದ ಮೇಲೆ ಬದಲಿಸುವ ‘ಕ್ಯೂಬ್’ಗಳ ಸಾಧ್ಯತೆಯನ್ನು ಆಟಗಾರರಿಗೆ ಹೇಳದೆ ಇಳಿಸಿದ್ದು ಅಪರಾಧ. ಕ್ಯೂಬ್ ಅಲಂಕಾರದ ವಸ್ತುವಲ್ಲ, ಆದರೂ ಪಾಠ ಒಂದೇ. ಬೆಲ್ಜಿಯಂನ ಜೂಜು ಆಯೋಗವಂತೂ 2018ರಲ್ಲಿ ಕೆಲವು ಗೇಮ್‌ಗಳ ಲೂಟ್ ಬಾಕ್ಸ್‌ಗಳನ್ನು ನೇರವಾಗಿ ಜೂಜು ಎಂದೇ ಕರೆಯಿತು.

ಹಾಗಾದರೆ ಪೆಟ್ಟಿಗೆ ಹೋದರೆ ಎಲ್ಲ ಸರಿಹೋಗುತ್ತದೆಯೇ? ಓವರ್‌ವಾಚ್ 2 ಅದನ್ನೇ ಮಾಡಿತು. 2022ರ ಅಕ್ಟೋಬರ್‌ನಲ್ಲಿ ಪೆಟ್ಟಿಗೆ ತೆಗೆದು, ಮೇಲು ದರ್ಜೆಯ ‘ಲೆಜೆಂಡರಿ’ ಸ್ಕಿನ್‌ಗೆ 1900 ಕಾಯಿನ್ ಎಂದು ನೇರ ಬೆಲೆ ಹಾಕಿತು, ಹತ್ತಿರ ಹತ್ತಿರ 19 ಡಾಲರ್. ಮೊದಲ ಓವರ್‌ವಾಚ್‌ನಲ್ಲಿ ಆಡುತ್ತಾ ಹೋದರೆ ಪುಕ್ಕಟೆ ಪೆಟ್ಟಿಗೆಗಳು ಬರುತ್ತಿದ್ದವು. ಅವೇ ಚೆನ್ನಾಗಿದ್ದವು ಎಂದು ಜನ ಗೊಣಗಿದರು. 2025ರಲ್ಲಿ ಪೆಟ್ಟಿಗೆ ವಾಪಸ್ ಬಂತು. ನನಗೆ ಈಗಲೂ 19 ಡಾಲರ್‌ನ ಫಲಕವೇ ಮೇಲು ಅನ್ನಿಸುತ್ತದೆ. ಒಪ್ಪದ ಗೆಳೆಯರು ನನಗೆ ಬಹಳ ಇದ್ದಾರೆ.

ಹೆಜ್ಜೆ 4: ಗಡಿಯಾರಕ್ಕೆ ಬೆನ್ನು ತಿರುಗಿಸಿ

‘ಇನ್ನು 6 ಗಂಟೆ ಮಾತ್ರ’ ಎಂದು ಅಂಕಿ ಇಳಿಯುತ್ತಿದ್ದರೆ ಪರದೆ ಮುಚ್ಚಿ, ಮರುದಿನ ಬಂದು ನೋಡಿ. ನೆದರ್ಲೆಂಡ್ಸ್‌ನ ಗ್ರಾಹಕ ಪ್ರಾಧಿಕಾರ 2024ರ ಮೇನಲ್ಲಿ ಫೋರ್ಟ್‌ನೈಟ್ ತಯಾರಕರಾದ ಎಪಿಕ್‌ಗೆ 11.25 ಲಕ್ಷ ಯೂರೊ ದಂಡ ಹಾಕಿದ ಕಾರಣಗಳಲ್ಲಿ ಇದೂ ಒಂದು: ಗಡಿಯಾರ ಸೊನ್ನೆ ಮುಟ್ಟಿದ ಮೇಲೂ ಕೆಲವು ವಸ್ತುಗಳು ಅಂಗಡಿಯಲ್ಲೇ ಇದ್ದವು. ಹಾಗೆಯೇ, ಹಲವು ವಸ್ತುಗಳನ್ನು ಒಟ್ಟಿಗೆ ಮಾರುವ ಬಂಡಲ್ ಮೇಲೆ ‘ಶೇ 60 ಕಡಿತ’ ಎಂದಿದ್ದರೆ, ಅದರೊಳಗಿನ ವಸ್ತುಗಳು ಎಂದಾದರೂ ಬಿಡಿಯಾಗಿ ಪೂರ್ತಿ ಬೆಲೆಗೆ ಮಾರಾಟವಾಗಿದ್ದವೇ ಎಂದು ನೋಡಿ. ಇಲ್ಲದಿದ್ದರೆ ಕಡಿತ ಯಾವುದರಿಂದ?

ಹೆಜ್ಜೆ 5: ಮಾರುವವರ ಖರ್ಚಿನ ಕಡೆಯೂ ಒಮ್ಮೆ ನೋಡಿ

‘ಕಾಪಿ ಮಾಡಲು ಕಾಸಿಲ್ಲ, ಹಾಗಾಗಿ ಬೆಲೆಯೂ ಇರಬಾರದು’ ಎನ್ನುವ ವಾದ ನನಗೆ ಒಪ್ಪಿಗೆಯಿಲ್ಲ. ಎರಡನೇ ಪ್ರತಿಗೆ ಖರ್ಚಿಲ್ಲ, ಮೊದಲನೆಯದಕ್ಕಿದೆ. ಚಿತ್ರ ಬಿಡಿಸಬೇಕು, ಮೂರು ಆಯಾಮದ ಮಾದರಿ ಕಟ್ಟಬೇಕು, ಓಡುವಾಗ ನಿಲುವಂಗಿ ಕಾಲೊಳಗೆ ತೂರಿಕೊಳ್ಳದಂತೆ ನೋಡಿಕೊಳ್ಳಬೇಕು, ಸದ್ದು ಸೇರಿಸಬೇಕು, ಹಳೆಯ ಫೋನಿನಲ್ಲೂ ಓಡುತ್ತದೆಯೇ ಎಂದು ಪರೀಕ್ಷಿಸಬೇಕು. ಮೊಬೈಲ್ ಗೇಮ್ ಆದರೆ ಆಪಲ್, ಗೂಗಲ್ ಅಂಗಡಿಗಳ ರೂಢಿಯ ಕಮಿಷನ್ನೇ ಶೇ 30ರವರೆಗೆ. ಸರ್ವರ್ ಖರ್ಚೂ ಅದರಲ್ಲೇ ಹುಟ್ಟಬೇಕು, ಒಂದು ಕಾಸೂ ಕೊಡದೆ ಆಡುವವರ ಪಾಲನ್ನೂ ಸೇರಿಸಿ.

ಹಾಗಾಗಿ ಉಚಿತ ಗೇಮ್‌ನ ಸ್ಕಿನ್‌ಗೆ ನಾನು ಸ್ವಲ್ಪ ಸಡಿಲ ಬಿಡುತ್ತೇನೆ. ಪೂರ್ತಿ ಬೆಲೆ ಕೊಟ್ಟು ಕೊಂಡ ಗೇಮ್‌ನೊಳಗೆ ಮತ್ತೆ ಅಂಗಡಿ ಇಟ್ಟರೆ ಆ ರಿಯಾಯಿತಿ ಇಲ್ಲ. 2006ರಲ್ಲಿ ಆಬ್ಲಿವಿಯನ್ ಗೇಮ್‌ನ ಕುದುರೆಗೆ ಕವಚ ಎಂದು 2.50 ಡಾಲರ್ ಕೇಳಿದ್ದಕ್ಕೆ ಆದ ಗಲಾಟೆ ನೆನೆದರೆ, ನಾವು ಎಷ್ಟು ಮೆತ್ತಗಾಗಿದ್ದೇವೆ ಎಂದು ನಗು ಬರುತ್ತದೆ.

ಹೆಜ್ಜೆ 6: ಕೊಂಡ ಮೇಲೆ ಅದು ಯಾರದು?

ಬಹುಪಾಲು ಗೇಮ್‌ಗಳಲ್ಲಿ ನೀವು ಕೊಳ್ಳುವುದು ಬಳಸುವ ಪರವಾನಗಿ ಮಾತ್ರ. ಸರ್ವರ್ ಮುಚ್ಚಿದ ದಿನ ನಿಲುವಂಗಿಯೂ ಹೋಯಿತು. 2024ರ ಮಾರ್ಚ್ ಕೊನೆಗೆ ದಿ ಕ್ರೂ ಗೇಮ್ ಮುಚ್ಚಿದಾಗ ಕಾರುಗಳ ಸಮೇತ ಇಡೀ ಆಟವೇ ಹೋಯಿತು. ಹಾಗಾಗಿ ಬೆಲೆಯನ್ನು ವಸ್ತುವಿನಿಂದಲ್ಲ, ನೀವು ಆಡುವ ತಿಂಗಳುಗಳಿಂದ ಭಾಗಿಸಿ. ವರ್ಷವಿಡೀ ದಿನಾ ಆಡುವವರಿಗೆ 19 ಡಾಲರ್ ಹಗುರ. ಮುಂದಿನ ತಿಂಗಳು ಬೇರೆ ಗೇಮ್‌ಗೆ ಹಾರುವವರಿಗೆ ಅದೇ ಭಾರ.

ಮರುಮಾರಾಟವಿರುವ ಕೌಂಟರ್-ಸ್ಟ್ರೈಕ್‌ನಂಥ ಕಡೆ ‘ಬೆಲೆ ಏರುತ್ತದೆ, ಇದು ಹೂಡಿಕೆ’ ಎಂದು ಯಾರಾದರೂ ಹೇಳಿದರೆ, 2025ರ ಅಕ್ಟೋಬರ್ ನೆನಪಿಸಿ. ಚಾಕುವಿಗಿಂತ ಒಂದು ಮೆಟ್ಟಿಲು ಕೆಳಗಿನ ಕೆಂಪು ದರ್ಜೆಯ ಐದು ಸ್ಕಿನ್ ಕೊಟ್ಟರೆ ಒಂದು ಚಾಕು ಅಥವಾ ಕೈಗವಸು ಪಡೆಯಬಹುದು ಎಂದು ಅದರ ತಯಾರಕ ಕಂಪನಿ ವಾಲ್ವ್ ಒಂದೇ ಅಪ್‌ಡೇಟ್‌ನಲ್ಲಿ ನಿಯಮ ಬದಲಿಸಿತು. ಚಾಕು ಸಿಗುವುದು ಸುಲಭವಾಗಿ, ಅವುಗಳ ಬೆಲೆ ರಾತ್ರಿ ಬೆಳಗಾಗುವುದರಲ್ಲಿ ನೆಲಕಚ್ಚಿತು.

ಹೆಜ್ಜೆ 7: ವಾಪಸ್ ಬಾಗಿಲು ಎಲ್ಲಿದೆ, ಮೊದಲೇ ಪತ್ತೆಹಚ್ಚಿ

ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ, ಅದನ್ನು ನಡೆಸುವ ವಾಲ್ವ್ ಕಂಪನಿಯದೇ ಗೇಮ್‌ಗಳೊಳಗೆ ಕೊಂಡ ವಸ್ತುವನ್ನು, ಬಳಸದೆ, ಯಾರಿಗೂ ಕೊಡದೆ ಇದ್ದರೆ, 48 ಗಂಟೆಯೊಳಗೆ ಹಿಂದಿರುಗಿಸಬಹುದು. ಬೇರೆ ಗೇಮ್‌ಗಳ ನಿಯಮ ಬೇರೆ ಬೇರೆ. ಗುಂಡಿ ತಪ್ಪಿ ಒತ್ತಿದರೂ ಹಣ ಹೋಗುವ ವಿನ್ಯಾಸ ಇತ್ತೆಂಬ ಆರೋಪದ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2022ರ ಡಿಸೆಂಬರ್‌ನಲ್ಲಿ ಎಪಿಕ್‌ನಿಂದ 24.5 ಕೋಟಿ ಡಾಲರ್ ಮರುಪಾವತಿಗೆ ಒಪ್ಪಿಗೆ ಪಡೆದಿತ್ತು. ಮಕ್ಕಳ ಕೈಗೆ ಫೋನ್ ಕೊಡುವವರು ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಆಯ್ಕೆಯನ್ನು ಇವತ್ತೇ ಆನ್ ಮಾಡಿಡಿ.

ವಾಪಸ್ ನಿಯಮ ಓದುವಾಗ ಒಂದು ಪದದ ಮೇಲೆ ಕಣ್ಣಿರಲಿ: ಮರಳಿ ಬರುವುದು ಹಣವೋ, ಕಾಯಿನ್ನೋ? ಎಷ್ಟೋ ಕಡೆ ಬರುವುದು ಕಾಯಿನ್.