ಮೀಟರ್ ರೀಡಿಂಗನ್ನು ರೇಡಿಯೋದಲ್ಲಿ ಹಿಡಿಯುವುದು ಹೇಗೆ?

ಎಷ್ಟೋ ನೀರು, ಗ್ಯಾಸ್, ಕರೆಂಟ್ ಮೀಟರ್‌ಗಳು ಈಗ ತಮ್ಮ ರೀಡಿಂಗನ್ನು ತಾವೇ ರೇಡಿಯೋದಲ್ಲಿ ಸಾರುತ್ತಿರುತ್ತವೆ. ಅದನ್ನು ಹಿಡಿಯಲು ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿನ ಯುಎಸ್‌ಬಿಗೆ ಚುಚ್ಚುವ ಪುಟ್ಟ ರೇಡಿಯೋ ರಿಸೀವರ್) ಮತ್ತು ಉಚಿತ ಸಾಫ್ಟ್‌ವೇರ್ ಸಾಕು. ಡಾಂಗಲ್ ಬರೀ ಕೇಳುತ್ತದೆ, ಏನನ್ನೂ ಕಳಿಸುವುದಿಲ್ಲ. ಮೀಟರ್‌ಗೆ ಏನಾದರೂ ಆಗಿಬಿಡುತ್ತೆ ಅನ್ನೋ ಭಯ ಬೇಡ.

ಡೌನ್‌ಲೋಡ್ ಮಾಡುವ ಮೊದಲು ಮೀಟರ್ ಯಾವ ಜಾತಿಯದು ಅಂತ ನೋಡಿ. ಅರ್ಧ ಕೆಲಸ ಇಲ್ಲೇ ಇದೆ. ಉತ್ತರ ಅಮೆರಿಕದಲ್ಲಿ ಸಿಗುವ ಐಟ್ರಾನ್ ಕಂಪನಿಯ ಇಆರ್‌ಟಿ (ರೀಡಿಂಗ್ ಸಾರುವ ರೇಡಿಯೋ ಘಟಕ) ಇರುವ ಮೀಟರ್‌ಗಳು 902ರಿಂದ 928 ಮೆಗಾಹರ್ಟ್ಸ್ ನಡುವೆ ಮಾತಾಡುತ್ತವೆ, ಅವಕ್ಕೆ ಆರ್‌ಟಿಎಲ್‌ಎಎಂಆರ್ ಅನ್ನೋ ಸಾಫ್ಟ್‌ವೇರ್ ಬೇಕು. ಯುರೋಪಿನ ವೈರ್‌ಲೆಸ್ ಎಂ-ಬಸ್ (ಅಲ್ಲಿನ ಮೀಟರ್‌ಗಳ ರೇಡಿಯೋ ಮಾನದಂಡ) ಮೀಟರ್‌ಗಳು ಹೆಚ್ಚಾಗಿ 868.95 ಮೆಗಾಹರ್ಟ್ಸ್‌ನಲ್ಲಿ ಇರುತ್ತವೆ, ಅವಕ್ಕೆ ಡಬ್ಲ್ಯುಎಂಬಸ್‌ಮೀಟರ್ಸ್ ಅನ್ನೋ ಸಾಫ್ಟ್‌ವೇರ್. ಆದರೆ ಇವುಗಳಲ್ಲಿ ತುಂಬಾ ಮೀಟರ್‌ಗಳು ಸಂದೇಶಕ್ಕೆ ಎಇಎಸ್-128 ಎಂಬ ಗೂಢಲಿಪಿಯ ಬೀಗ ಹಾಕಿಯೇ ಕಳಿಸುತ್ತವೆ, ಸರಬರಾಜು ಕಂಪನಿ ಕೀ ಕೊಡದಿದ್ದರೆ ಏನೂ ಓದಲಾಗದು. ಮೊಬೈಲ್ ನೆಟ್‌ವರ್ಕ್ ಮೂಲಕ ಲೆಕ್ಕ ಕಳಿಸುವ ಮೀಟರಾ? ಇಲ್ಲಿಗೇ ಬಿಟ್ಟುಬಿಡಿ.

ಇಆರ್‌ಟಿ ಇದೆ ಅಂತಿಟ್ಟುಕೊಳ್ಳಿ. ಡಾಂಗಲ್ ಚುಚ್ಚಿ. ಲಿನಕ್ಸ್ ಅದನ್ನು ಟಿವಿ ಟ್ಯೂನರ್ ಅಂದುಕೊಂಡು ತನ್ನ ಡ್ರೈವರ್ ಹಾಕಿಬಿಡುತ್ತದೆ, ಆ ಡ್ರೈವರ್ ಲೋಡ್ ಆಗದಂತೆ ಬ್ಲ್ಯಾಕ್‌ಲಿಸ್ಟ್ ಮಾಡಿ. ವಿಂಡೋಸ್‌ನಲ್ಲಾದರೆ ಜಾಡಿಗ್ ಅನ್ನೋ ಸಾಧನ ಬಳಸಿ ಡ್ರೈವರ್ ಬದಲಿಸಿ. ಆಮೇಲೆ ಒಂದು ಟರ್ಮಿನಲ್‌ನಲ್ಲಿ ಆರ್‌ಟಿಎಲ್-ಟಿಸಿಪಿ (ಡಾಂಗಲ್ ಕೇಳಿದ್ದನ್ನು ಬೇರೆ ಪ್ರೋಗ್ರಾಂಗೆ ದಾಟಿಸುವ ಪ್ರೋಗ್ರಾಂ) ಓಡಿಸಿ, ಅದು 1234ನೇ ಪೋರ್ಟ್‌ನಲ್ಲಿ ಕಾಯುತ್ತದೆ. ಇನ್ನೊಂದರಲ್ಲಿ ಆರ್‌ಟಿಎಲ್‌ಎಎಂಆರ್ ಶುರು ಮಾಡಿ. ಆಂಟೆನಾ ಕಡ್ಡಿ ಸುಮಾರು 8 ಸೆಂಟಿಮೀಟರ್ ಇದ್ದರೆ ಚೆನ್ನ, ಉದ್ದ ಇದ್ದಷ್ಟೂ ಒಳ್ಳೆಯದು ಅನ್ನೋದು ಇಲ್ಲಿ ನಡೆಯಲ್ಲ.

ಈಗ ಸುಮ್ನೆ ಕಾಯಿರಿ. ಮೀಟರ್ ಚಾನೆಲ್‌ನಿಂದ ಚಾನೆಲ್‌ಗೆ ಹಾರುತ್ತಿರುತ್ತದೆ, ಡಾಂಗಲ್ ಒಂದು ಸಲಕ್ಕೆ ಕೇಳುವುದು ಸುಮಾರು 2.4 ಮೆಗಾಹರ್ಟ್ಸ್ ಅಗಲ ಮಾತ್ರ, ಹಾಗಾಗಿ ಜಾಸ್ತಿ ಸಂದೇಶಗಳು ತಪ್ಪಿಯೇ ಹೋಗುತ್ತವೆ. ಏನೂ ಬರದಿದ್ದರೆ ಸಂದೇಶದ ಬಗೆ ಬದಲಿಸಿ ನೋಡಿ. ನೀವು ಬಗೆ ಹೇಳದೆ ಇದ್ದರೆ ಆರ್‌ಟಿಎಲ್‌ಎಎಂಆರ್ ಎಸ್‌ಸಿಎಂ ಎಂಬ ಬಗೆಯನ್ನು ಮಾತ್ರ ಹುಡುಕುತ್ತದೆ, ನಿಮ್ಮದು ಎಸ್‌ಸಿಎಂ ಪ್ಲಸ್, ಐಡಿಎಂ ಅಥವಾ ನೀರಿನ ಮೀಟರ್‌ಗಳ ಆರ್900 ಇರಬಹುದು.

ಸಾಲುಗಳು ಬರತೊಡಗಿದಾಗ ಅಕ್ಕಪಕ್ಕದವರ ಮೀಟರ್‌ಗಳೂ ಬರುತ್ತವೆ. ಯಾರು ಯಾವಾಗ ಮನೆಯಲ್ಲಿಲ್ಲ ಅನ್ನುವುದು ಇದರಿಂದ ಊಹಿಸಬಹುದು, ಅದು ನಮಗ್ಯಾಕೆ ಅಲ್ವಾ? ಮೀಟರ್ ಮುಖದ ಮೇಲಿನ ನಂಬರನ್ನು ಐಡಿ ಫಿಲ್ಟರ್‌ಗೆ ಕೊಟ್ಟು ಉಳಿದದ್ದನ್ನು ಬಿಡಿ. ದೇಶದಿಂದ ದೇಶಕ್ಕೆ ಕಾನೂನೂ ಬೇರೆ, ಮೊದಲೇ ವಿಚಾರಿಸಿ.

ಬಂದ ಅಂಕಿಯನ್ನು ಹಾಗೇ ನಂಬಬೇಡಿ. ಅದರಲ್ಲಿ ಯೂನಿಟ್ ಬರೆದಿರುವುದಿಲ್ಲ, ದಶಮಾಂಶ ಚುಕ್ಕಿಯೂ ಇಲ್ಲ. ಮೀಟರ್ ಪರದೆ ಪಕ್ಕ ಇಟ್ಟು ಹೋಲಿಸಿ, 10ರಿಂದ ಭಾಗಿಸಬೇಕೋ 100ರಿಂದಲೋ ಅಂತ ಗೊತ್ತುಮಾಡಿಕೊಳ್ಳಿ.

ದಿನವಿಡೀ ಓಡಿಸಬೇಕಿಲ್ಲ. ಆರ್‌ಟಿಎಲ್‌ಎಎಂಆರ್ ಔಟ್‌ಪುಟ್ ಜೇಸನ್‌ಗೆ (ಬೇರೆ ಪ್ರೋಗ್ರಾಂಗಳು ಸುಲಭವಾಗಿ ಓದುವ ರೂಪ) ಬದಲಿಸಿ, ಸಿಂಗಲ್ ಆಯ್ಕೆ ಹಾಕಿ, ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಲಿನಕ್ಸ್ ಸೌಲಭ್ಯ) ಗಂಟೆಗೊಮ್ಮೆ ಇಟ್ಟರೆ ಒಂದು ರೀಡಿಂಗ್ ಹಿಡಿದು ತಾನೇ ನಿಲ್ಲುತ್ತದೆ. ಜೊತೆಗೆ ಅವಧಿ ಮಿತಿಯನ್ನೂ ಕೊಡಿ, ಇಲ್ಲದಿದ್ದರೆ ಮೀಟರ್ ಸಿಗದ ದಿನ ಅದು ಕಾಯುತ್ತಲೇ ಇರುತ್ತದೆ.