ತಡ್ಪೆಯ ಎದುರು ಓದಿದ ಕತೆಗಳು

ನನ್ನ ಮೊದಲ ಕಥಾಸಂಕಲನದ 1000 ಪ್ರತಿಗಳು ಕಾಸರಗೋಡು ಜಿಲ್ಲೆಯ ಪೆರ್ಲದ ನಮ್ಮ ಮನೆಗೆ ಬಂದ ದಿನ, ಜೀಪಿನಿಂದ ಕಟ್ಟುಗಳನ್ನು ಇಳಿಸಲು ನೆರೆಮನೆಯವರೂ ಬಂದಿದ್ದರು. ಬಿಡುಗಡೆಯ ದಿನ ಶಾಲು, ಹಾರ, ನಾಲ್ವರ ಭಾಷಣ ಎಲ್ಲವೂ ಆಯಿತು. ಮಾರಾಟವಾದದ್ದು 13 ಪ್ರತಿ. ಮಾರಿಕೊಡುತ್ತೇನೆಂದು 200 ಪ್ರತಿ ಒಯ್ದವರಿಂದ ದುಡ್ಡೂ ಬರಲಿಲ್ಲ, ಪುಸ್ತಕವೂ ಮರಳಲಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮಂಚದಡಿಯ ಕಟ್ಟುಗಳಿಗೆ ಬೂಷ್ಟು ಹಿಡಿಯಿತು.

ನಾನು ಹೊಲಿಗೆಯವಳು. ಅಳತೆ ತೆಗೆಯದೆ ಯಾರ ರವಿಕೆಯ ಬಟ್ಟೆಗೂ ಕತ್ತರಿ ಹಾಕಿದವಳಲ್ಲ. ಪುಸ್ತಕಕ್ಕೆ ಮಾತ್ರ ಆ ಬುದ್ಧಿಯನ್ನು ಬಳಸಿರಲಿಲ್ಲ.

ಕೇರಳ ಸರ್ಕಾರದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ನಮ್ಮ ನೆರೆಕೂಟದಲ್ಲಿ 16 ಮಂದಿ ಹೆಂಗಸರಿದ್ದೇವೆ. ಪ್ರತಿ ಭಾನುವಾರ ಮಧ್ಯಾಹ್ನ ಒಬ್ಬೊಬ್ಬರ ಮನೆಯ ಜಗಲಿಯಲ್ಲಿ ಸೇರುತ್ತೇವೆ. ಉಳಿತಾಯದ ಹಣ ಎಣಿಸಿ, ಸಾಲದ ಲೆಕ್ಕ ಬರೆದು ಮುಗಿದ ಮೇಲೆ ಚಹಾ. ಒಂದು ಭಾನುವಾರ ಚಹಾದ ಹೊತ್ತಿಗೆ, ಹೊಸದಾಗಿ ಬರೆದಿದ್ದ ಕತೆಯನ್ನು ಓದಲೇ ಎಂದು ಅಳುಕುತ್ತಲೇ ಕೇಳಿದೆ. ‘ಓದು ಅಕ್ಕಾ, ಕೈಗೆ ಕೆಲಸ ಇದೆ, ಕಿವಿ ಖಾಲಿ ಇದೆ’ ಎಂದರು ಒಬ್ಬರು.

ಕೂಟಕ್ಕೆ ಬರುವಾಗಲೂ ಬೀಡಿ ಕಟ್ಟುವ ತಡ್ಪೆಯನ್ನು, ಅಂದರೆ ಮೊರವನ್ನು, ತರುವವರು ನಾಲ್ಕೈದು ಮಂದಿ ಇದ್ದಾರೆ. ತಡ್ಪೆಯನ್ನು ಮಡಿಲಲ್ಲಿಟ್ಟು, ಎಲೆಗೆ ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಬಿಗಿಯುತ್ತಾರೆ. ಅದಕ್ಕೆ ಕಣ್ಣೇ ಬೇಡ. ಓದುತ್ತಾ ಓದುತ್ತಾ ನಾನು ಅವರ ಬೆರಳುಗಳನ್ನು ಗಮನಿಸತೊಡಗಿದೆ. ಕತೆ ಬಿಗಿಯಾದಲ್ಲಿ ಬೆರಳು ನಿಧಾನವಾಗುತ್ತಿತ್ತು. ಒಂದು ಕಡೆಯಂತೂ ನೂಲು ಅರ್ಧ ಸುತ್ತಿದಲ್ಲೇ ನಿಂತುಬಿಟ್ಟಿತು. ನಾನು ಬಹಳ ಮೆಚ್ಚಿಕೊಂಡು ಬರೆದಿದ್ದ ಮಳೆಯ ವರ್ಣನೆ ಬಂದಾಗ ಅವರು ಕಟ್ಟಿದ ಬೀಡಿಗಳನ್ನು ಎಣಿಸಲು ಶುರು ಮಾಡಿದರು. ಆ ಒಂದೂವರೆ ಪುಟವನ್ನು ಅಂದು ರಾತ್ರಿಯೇ ಹೊಡೆದು ಹಾಕಿದೆ.

ಕತೆ ಮುಗಿದಾಗ ಕೂಟದ ಬ್ಯಾರಿ ಹೆಂಗಸೊಬ್ಬರು ಕೇಳಿದರು: ‘ಅಕ್ಕಾ, ಅಣ್ಣನ ವೀಸಾಕ್ಕೆಂದು ಅಡವಿಟ್ಟಳಲ್ಲ, ಆ ಬಳೆ ಕೊನೆಗೆ ಅವಳ ಕೈಗೆ ಬಂತೋ ಇಲ್ಲವೋ?’ ಮೂರನೇ ಪುಟದಲ್ಲಿ ಅಡವಿಟ್ಟ ಬಳೆಯನ್ನು ನಾನು ಮರೆತೇಬಿಟ್ಟಿದ್ದೆ. ಮೊದಲ ಸಂಕಲನದ ಬಗ್ಗೆ ಮಾತಾಡಿದ ಯಾರೂ ನನ್ನನ್ನು ಇಂಥದ್ದೊಂದು ಪ್ರಶ್ನೆ ಕೇಳಿರಲಿಲ್ಲ. ನನಗೆ ಬೇಕಾದ ಓದುಗರು ಇವರೇ ಎಂದು ಅಂದು ಅನಿಸಿತು.

ಆದರೆ ಇವರಲ್ಲಿ ಅರ್ಧದಷ್ಟು ಮಂದಿಗೆ ಕನ್ನಡ ಓದಲು ಬರುವುದಿಲ್ಲ. ಮನೆಯಲ್ಲಿ ತುಳು, ಬ್ಯಾರಿ ಅಥವಾ ಮರಾಠಿ. ಶಾಲೆಯಲ್ಲಿ ಕಲಿತದ್ದು ಮಲಯಾಳ. ಯಕ್ಷಗಾನ, ತಾಳಮದ್ದಳೆ ಕೇಳಿ ಬೆಳೆದವರಾದ್ದರಿಂದ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಅಕ್ಷರ ಮಾತ್ರ ಗೊತ್ತಿಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಮ್ಮಲ್ಲಿ ಕನ್ನಡ ಶಾಲೆಗಳ ಚಿಂತೆ ಮುಗಿದಿಲ್ಲ. ಆ ನೋವು ನನ್ನದೂ ಹೌದು. ಆದರೆ ಕನ್ನಡ ಓದುಗರೆಂದರೆ ಕನ್ನಡ ಮನೆಮಾತಿನವರು ಎಂದು ನಾನು ಲೆಕ್ಕ ಹಾಕಿದ್ದೇ ತಪ್ಪು. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ, ಕಯ್ಯಾರ ಕಿಞ್ಞಣ್ಣ ರೈಗಳದ್ದು ತುಳು. ಬರೆಯುವವರಿಗೆ ಇಲ್ಲದ ಬೇಲಿಯನ್ನು ಓದುವವರಿಗೆ ನಾನು ಹಾಕಿದ್ದೆ.

ಹಾಗಾಗಿ ಕತೆಗಳನ್ನು ಧ್ವನಿಯಲ್ಲಿ ಕಳಿಸತೊಡಗಿದೆ. ಮನೆಯಲ್ಲಿ ರೆಕಾರ್ಡ್ ಮಾಡಿದರೆ ಗೋಡೆಯಿಂದ ಮಾರುದನಿ ಬರುತ್ತಿತ್ತು. ಅಂಗಡಿಯಲ್ಲಿ, ಸುತ್ತಲೂ ನೇತುಹಾಕಿದ ಚೂಡಿದಾರ, ಸೀರೆಗಳ ನಡುವೆ ಸ್ಟೂಲ್ ಹಾಕಿ ಕುಳಿತರೆ ಧ್ವನಿ ಸ್ವಚ್ಛವಾಗಿ ಬರುತ್ತದೆ. ಬಟ್ಟೆ ಸದ್ದನ್ನು ಹೀರಿಕೊಳ್ಳುತ್ತದೆ. ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ ಮಾತ್ರ ಏನೂ ಮಾಡುವಂತಿಲ್ಲ. ಒಂದು ಕತೆ ಆರು ನಿಮಿಷ ಮೀರದಂತೆ ನೋಡಿಕೊಳ್ಳುತ್ತೇನೆ. ಉದ್ದವಿದ್ದರೆ ಎರಡು ವಾರಕ್ಕೆ ಹಂಚುತ್ತೇನೆ.

ಮೊದಲು ವಾಟ್ಸ್‌ಆ್ಯಪ್ ಗುಂಪು ಮಾಡಿದೆ. ಶುಭೋದಯದ ಚಿತ್ರಗಳಡಿಯಲ್ಲಿ ಕತೆ ಮುಳುಗಿಹೋಯಿತು. ಬಳಿಕ, ಒಂದೇ ಸಂದೇಶ ಒಬ್ಬೊಬ್ಬರಿಗೂ ಬೇರೆಯಾಗಿ ಹೋಗುವ ಬ್ರಾಡ್‌ಕಾಸ್ಟ್ ಪಟ್ಟಿಗೆ ಬಂದೆ. ಒಂದು ಪಟ್ಟಿಯಲ್ಲಿ 256 ಮಂದಿಗೆ ಅವಕಾಶ, ಅದೂ ನಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ನನಗೆ ಅದು ಒಳ್ಳೆಯದೇ ಆಯಿತು. ಅಂಗಡಿಗೆ ಬಂದವರಿಗೆ ‘ಕತೆ ಬೇಕಿದ್ದರೆ ನನ್ನ ನಂಬರ್ ಸೇವ್ ಮಾಡಿಕೊಳ್ಳಿ’ ಎನ್ನುತ್ತೇನೆ. ಮಾಡಿಕೊಂಡವರು ನಿಜವಾಗಿ ಬೇಕೆಂದವರು. ಉತ್ತರ ನನಗೊಬ್ಬಳಿಗೇ ಬರುವುದರಿಂದ ಅವರು ಸಂಕೋಚವಿಲ್ಲದೆ ಮಾತಾಡುತ್ತಾರೆ. ಶಾರ್ಜಾದಲ್ಲಿರುವ ಉಪ್ಪಳದ ಹೆಣ್ಣುಮಗಳೊಬ್ಬಳು ಅಡುಗೆಮನೆಯಿಂದಲೇ ಹನ್ನೊಂದು ನಿಮಿಷದ ಉತ್ತರ ಕಳಿಸಿದ್ದಳು, ಕತೆಗಿಂತ ಉದ್ದ!

ಅಳತೆ ಪುಸ್ತಕದ ಹಾಗೆಯೇ ಒಂದು ನೋಟುಪುಸ್ತಕ ಇಟ್ಟಿದ್ದೇನೆ. ಹೆಸರು, ಮನೆ, ಅಂಚೆ, ಯಾವ ಕತೆ ಹಿಡಿಸಿತು, ಎಲ್ಲಿ ಬೇಸರ ಬಂತು, ಇಷ್ಟನ್ನೂ ಬರೆದಿಡುತ್ತೇನೆ. ಮೂರು ವರ್ಷದಲ್ಲಿ ಅದು 340 ಹೆಸರಾಯಿತು.

ಎರಡನೇ ಸಂಕಲನವನ್ನು ಆ ಪುಸ್ತಕ ಬಿಚ್ಚಿಟ್ಟುಕೊಂಡೇ ಮಾಡಿದೆ. ಪ್ರಕಟಣಪೂರ್ವ ಬೆಲೆ 120 ರೂಪಾಯಿ ಎಂದು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ತಿಳಿಸಿದೆ. ಅಚ್ಚಿಗೆ ಮೊದಲೇ 212 ಮಂದಿ ದುಡ್ಡು ಕೊಟ್ಟರು. ಓದಲು ಬಾರದವರೂ ಕೊಂಡರು, ಮಕ್ಕಳಿಂದ ಓದಿಸುತ್ತೇವೆ ಎಂದರು. ಆಫ್‌ಸೆಟ್ ಮುದ್ರಣದಲ್ಲಿ ಮೊದಲೇ ಮಾಡಿಸಬೇಕಾದ ಪ್ಲೇಟಿನ ಖರ್ಚು ಹಂಚಿಹೋಗಲೆಂದು ಮುದ್ರಕರು 1000 ಪ್ರತಿಗೆ ಒತ್ತಾಯಿಸುತ್ತಾರೆ. ನಾನು ಡಿಜಿಟಲ್ ಮುದ್ರಣದಲ್ಲಿ 300 ಮಾತ್ರ ಮಾಡಿಸಿದೆ. ಪ್ರತಿಯೊಂದಕ್ಕೆ ಹೆಚ್ಚು ಬಿದ್ದರೂ ಮಂಚದಡಿಗೆ ಏನೂ ಹೋಗಲಿಲ್ಲ. ಊರಿನವರಿಗೆ ನಾನೇ ಕೊಂಡುಹೋಗಿ ಕೊಟ್ಟೆ, ದೂರದವರಿಗೆ ಅಂಚೆಯಲ್ಲಿ ಕಳಿಸಿದೆ. ಸಮಾರಂಭ ಮಾಡಲಿಲ್ಲ.

ಗಡಿಯಾಚೆಯವರಿಗೆ ಅಷ್ಟಾಗಿ ತಿಳಿಯದ ಒಂದು ಅನುಕೂಲ ನಮಗಿದೆ. ಕೇರಳದ ಗ್ರಂಥಾಲಯ ಚಳವಳಿಗೆ ದಾರಿ ಹಾಕಿದ ಪಿ.ಎನ್. ಪಣಿಕ್ಕರ್ ಅವರ ನೆನಪಿಗೆ ಜೂನ್ 19ನ್ನು ಇಲ್ಲಿ ವಾಚನ ದಿನವಾಗಿ ಆಚರಿಸುತ್ತಾರೆ. ಆ ವಾರ ಕನ್ನಡ ವಿಭಾಗವಿರುವ ಶಾಲೆಗಳಿಗೆ ಕತೆ ಓದುವವರು ಬೇಕಾಗಿರುತ್ತಾರೆ. ನಾನು ಮೇ ತಿಂಗಳಲ್ಲೇ ಹೋಗಿ ಹೇಳಿಬರುತ್ತೇನೆ. ಗ್ರಂಥಾಲಯ ಪರಿಷತ್ತಿಗೆ ಸೇರಿದ ಊರ ವಾಚನಾಲಯಗಳಿಗೆ ಪುಸ್ತಕ ಕೊಳ್ಳಲು ಅನುದಾನವಿದೆ. ಕನ್ನಡ ಪುಸ್ತಕಗಳನ್ನೂ ಇಡುವ ವಾಚನಾಲಯಗಳನ್ನು ಹುಡುಕಿಕೊಂಡು ಹೋಗಿ ಒಂದೊಂದು ಕತೆ ಓದಿದೆ. ಉಳಿದ ಪ್ರತಿಗಳಲ್ಲಿ ಹೆಚ್ಚಿನವು ಹೋದದ್ದು ಅಲ್ಲಿಗೇ.

ಕೂಟದಲ್ಲಿ ಬೀಡಿ ಕಟ್ಟುವ ಅಕ್ಕ ಒಬ್ಬರ ಮಗಳು ಈಗ ಏಳನೇ ತರಗತಿಯಲ್ಲಿದ್ದಾಳೆ. ತಾಯಿಗೆ ಓದಿ ಹೇಳಬೇಕೆಂದು ಕನ್ನಡ ಅಕ್ಷರ ಕಲಿಯಲು ಶನಿವಾರ ಅಂಗಡಿಗೆ ಬರುತ್ತಾಳೆ. ಒತ್ತಕ್ಷರದ ತನಕ ಬಂದಿದ್ದಾಳೆ. ಬರುವ ಭಾನುವಾರದ ಕೂಟ ಅವರ ಮನೆಯಲ್ಲಿ. ಬಳೆಯ ಕತೆಯನ್ನು ತಿದ್ದಿ ಬರೆದಿದ್ದೇನೆ, ಕೊನೆಯ ಪುಟ ಇನ್ನೂ ಆಗಿಲ್ಲ. ಆದಷ್ಟನ್ನು ಓದುತ್ತೇನೆ.