ಇಂಗ್ಲೆಂಡಿನ ಹಳೇ ಬಾರ್ನ್ ನೋಡುವುದು ಹೇಗೆ? ಬಾಗಿಲಿನಿಂದ ಶುರುಮಾಡಿ

ನಮ್ಮ ಡೊಂಬಿವಲಿ ಕನ್ನಡದವರಲ್ಲಿ ಮಕ್ಕಳ ಮನೆಗೆಂದು ಲಂಡನ್ನಿಗೆ ಹೋಗುವವರು ಜಾಸ್ತಿ. ಅರಮನೆ, ಸೇತುವೆ ಎಲ್ಲ ನೋಡ್ತೀರಿ, ಒಂದು ಹಳೇ ಬಾರ್ನ್, ಅಂದರೆ ರೈತರು ತೆನೆ ಒಟ್ಟಿ ಬಡಿಯುತ್ತಿದ್ದ ದೊಡ್ಡ ಕಟ್ಟಡ, ಕೂಡ ನೋಡಿ ಬನ್ನಿ. ಊರಲ್ಲಿ ಸುಗ್ಗಿ ಕಂಡವರಿಗೆ ಅದು ಬೇಗ ಅರ್ಥವಾಗುತ್ತದೆ. ಅದು ಸೂರಿನಡಿಯ ಕಣ.

ಮೊದಲು ಬಾಗಿಲು. ಉದ್ದ ಗೋಡೆಯಲ್ಲಿ, ತೆನೆ ಹೇರಿದ ಗಾಡಿ ನುಗ್ಗುವಷ್ಟು ಎತ್ತರಕ್ಕೆ ಇರುತ್ತದೆ. ಎಷ್ಟೋ ಕಡೆ ಎದುರು ಗೋಡೆಯಲ್ಲೂ ಇನ್ನೊಂದು. ಎರಡರ ನಡುವಿನ ಗಟ್ಟಿ ನೆಲವೇ ಕಣ. ನಾವು ಬಯಲಲ್ಲಿ ಗಾಳಿ ನೋಡಿಕೊಂಡು ತೂರುತ್ತೇವೆ, ಅಲ್ವಾ? ಅಲ್ಲಿನ ಮಳೆಯನ್ನು ನಂಬುವ ಹಾಗಿಲ್ಲ, ಹಾಗಾಗಿ ತೆನೆಯನ್ನೆಲ್ಲ ಒಳಗೆ ಒಟ್ಟಿಕೊಂಡು, ಚಳಿಗಾಲವಿಡೀ ಸ್ವಲ್ಪ ಸ್ವಲ್ಪವೇ ಕೋಲಿನಿಂದ ಬಡಿದು, ಎರಡೂ ಬಾಗಿಲು ತೆರೆದು ನಡುವೆ ಹಾಯುವ ಗಾಳಿಗೆ ತೂರುತ್ತಿದ್ದರು. ಗೋಡೆಯ ಕಿರಿದಾದ ಸಂದುಗಳೂ ಒಟ್ಟಿದ ತೆನೆಗೆ ಗಾಳಿಯಾಡಲೆಂದೇ.

ಆಮೇಲೆ ಮರ. ಇದಕ್ಕೆ ಟೈಮ್ ಕೊಡಿ. ಹೀಥ್ರೋ ವಿಮಾನ ನಿಲ್ದಾಣದ ಪಕ್ಕದಲ್ಲೇ ಇರುವ ಹಾರ್ಮಂಡ್ಸ್‌ವರ್ತ್ ಬಾರ್ನ್ 1426-27ರದ್ದು, ಉದ್ದ ಸುಮಾರು 58 ಮೀಟರ್, ಓಕ್ ಮರದ ಕಂಬ ತೊಲೆಗಳ ಸಾಲು ನೋಡಿದರೆ ದೊಡ್ಡ ದೇವಸ್ಥಾನದೊಳಗೆ ನಿಂತ ಹಾಗೆ. ಇಂಥ ಕಟ್ಟಡಗಳಲ್ಲಿ ಕಂಬಕ್ಕೆ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಕೀಲಿನ ಹತ್ತಿರ ಉಳಿಯಿಂದ ಗೀರಿದ ಎರಡು ಗೆರೆ, ಮೂರು ಗೆರೆ ಕಾಣಬಹುದು. ರೋಮನ್ ಅಂಕಿಗಳು ಅವು. ಬಡಗಿಗಳು ಇಡೀ ಚೌಕಟ್ಟನ್ನು ನೆಲದ ಮೇಲೆ ಜೋಡಿಸಿ ನೋಡಿ, ನಂಬರ್ ಹಾಕಿ, ಬಿಚ್ಚಿ, ಮತ್ತೆ ಎತ್ತಿ ನಿಲ್ಲಿಸುತ್ತಿದ್ದರು. ಗೂಟಗಳೂ ಓಕ್‌ನವೇ. ಏನೂ ಕೂರದ ಖಾಲಿ ತೂತು ಕಂಡರೆ, ಆ ಮರ ಮೊದಲು ಬೇರೆ ಕಟ್ಟಡದಲ್ಲಿ ಇದ್ದಿರಬಹುದು.

ಹೊರಗೆ ಬಂದ ಮೇಲೆ ಸುತ್ತಮುತ್ತ ಕಾಳಿನ ಕೋಣೆ ಇದೆಯಾ ನೋಡಿ. ನಮ್ಮ ಅಜ್ಜನ ಕಾಲದಲ್ಲಿ ಜೋಳ ನೆಲದೊಳಗಿನ ಹಗೇವಿಗೆ ಹೋಗುತ್ತಿತ್ತು. ಅಲ್ಲಿ ನೆಲ ತೇವ. ಅದಕ್ಕೇ ಅಣಬೆ ಆಕಾರದ ಕಲ್ಲುಗಳ ಮೇಲೆ ಕೋಣೆಯನ್ನೇ ಎತ್ತಿ ಕೂರಿಸಿದ್ದಾರೆ, ಇಲಿ ಕಲ್ಲು ಹತ್ತಿದರೂ ಅಗಲವಾದ ತಲೆಯನ್ನು ದಾಟಲಾರದು. ತಪ್ಪಿಸಿಕೊಂಡ ಇಲಿಗೆ ಇನ್ನೊಂದು ಉಪಾಯ: ಬಾರ್ನಿನ ತುದಿಗೋಡೆಯಲ್ಲಿ, ಮೇಲೆ, ಒಂದು ತೂತು. ಗೂಬೆ ಮನೆಯ ಮೇಲೆ ಕೂತರೇ ಅಪಶಕುನ ಅನ್ನುವವರು ನಾವು, ಅಲ್ಲಿನ ರೈತ ಗೂಬೆಗೆಂದೇ ಬಾಗಿಲು ಇಟ್ಟಿದ್ದಾನೆ.

ಹಾರ್ಮಂಡ್ಸ್‌ವರ್ತ್ ದಿನಾಲೂ ತೆರೆದಿರುವುದಿಲ್ಲ, ದಿನ ನೋಡಿಕೊಂಡೇ ಹೊರಡಿ.